ಅಳುವಾಗ ಎಲ್ಲರ ದನಿಯೂ ಒಂದೇ

ಹೋದ ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಫೋನ್ ಬಂತು. ಗೊತ್ತಿಲ್ಲದ ನಂಬರು. ಒದ್ದೆ ಕೈಯಲ್ಲೇ ಎತ್ತಿದರೆ ಆ ಕಡೆಯಿಂದ ಅಳು. ‘ಅಜ್ಜೀ, ನಾನು... ಗಾಡಿ ಒಬ್ಬರಿಗೆ ಗುದ್ದಿಬಿಟ್ಟೆ, ಸ್ಟೇಷನ್ನಲ್ಲಿ ಕೂರಿಸಿದಾರೆ. ಅಪ್ಪಂಗೆ ಹೇಳ್ಬೇಡ.’ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನ ದನಿ. ಹಿಂದೆಯೇ ಇನ್ನೊಬ್ಬ ಗಂಡಸು ಫೋನ್ ತೆಗೆದುಕೊಂಡು, ಕೇಸು ಆಗಬಾರದು ಅಂದರೆ ನಲವತ್ತು ಸಾವಿರ ಕಳಿಸಿ ಅಂದ. ನನಗೆ ಸಂಶಯ ಅನ್ನುವುದು ಹತ್ತಿರಕ್ಕೂ ಸುಳಿಯಲಿಲ್ಲ. ನಲವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಕಿವಿಯಿಂದಲೇ ಅನ್ನ ಉಂಡವಳು ನಾನು. ನನ್ನ ಕಿವಿ ತಪ್ಪುವುದುಂಟೆ?

ನಮ್ಮನೆಯವರಿಗೆ ಎರಡೂ ಕಿವಿ ಮಂದ. ಮಷೀನು ಇದೆ, ಆದರೆ ಆ ಹೊತ್ತಿಗೆ ಅದು ಗೂಡಿನಲ್ಲಿತ್ತು. ನನ್ನ ಮುಖ ನೋಡಿ ‘ಎಂತದು’ ಅಂದರು. ಕೂಗಿ ಹೇಳಿದೆ. ‘ಫೋನಿಡು. ಅವನ ನಂಬರಿಗೆ ನಾವೇ ಮಾಡುವ’ ಅಂದರು. ನಾನು ರೇಗಿದೆ. ಮಗು ಅಲ್ಲಿ ಅಳುತ್ತಾ ಕೂತಿದೆ, ಇವರಿಗೆ ಲೆಕ್ಕದ ಮೇಷ್ಟರ ಬುದ್ಧಿ! ಅವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಕಟ್ ಮಾಡಿ, ಮೊಮ್ಮಗನ ಹೆಸರು ಒತ್ತಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದರು. ಎರಡನೇ ರಿಂಗಿಗೇ ಎತ್ತಿದ. ಹಿಂದೆ ತಟ್ಟೆ ಲೋಟದ ಸದ್ದು. ‘ಎಂತ ಅಜ್ಜಿ, ಮೆಸ್ಸಲ್ಲಿದೀನಿ, ಊಟ ಮಾಡ್ತಾ ಇದೀನಿ’ ಅಂದ.

ದುಡ್ಡು ಉಳಿಯಿತು. ಉಳಿಯದೇ ಹೋದದ್ದು ನನ್ನ ಜಂಬ. ಆ ಜಂಬ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ.

1972ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದೆ. ಆಗ ಇಲಾಖೆಗೆ ಪಿ ಅಂಡ್ ಟಿ ಅಂತ ಹೆಸರು. ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಆ ನಂಬರಿನ ಶಟರ್ ಟಪ್ ಅಂತ ಬೀಳುತ್ತಿತ್ತು. ಕಾರ್ಡ್ ಚುಚ್ಚಿ ‘ನಂಬರ್ ಪ್ಲೀಸ್’ ಅನ್ನಬೇಕು. ಊರೊಳಗಿನ ಕಾಲ್ ಆದರೆ ಇನ್ನೊಂದು ತುದಿ ಚುಚ್ಚಿ ಕೊಟ್ಟರಾಯಿತು. ಹೊರಗಿನದಾದರೆ ಟ್ರಂಕ್ ಕಾಲ್: ಚೀಟಿ ಬರೆದು, ಶಿವಮೊಗ್ಗದ ಲೈನಿಗಾಗಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ತರ. ಲೈಟ್ನಿಂಗ್‌ಗೆ ಎಂಟು ಪಟ್ಟು ದರ. ಅದನ್ನು ಕೇಳುವವರ ಮನೆಯಲ್ಲಿ ಒಂದೋ ಸಾವು, ಇಲ್ಲವೋ ಅಡಿಕೆ ರೇಟಿನ ಏರಿಳಿತ.

ಶಟರ್ ಬಿದ್ದರೆ ಯಾವ ಮನೆ ಅಂತ ತಿಳಿಯುತ್ತದೆ. ಆ ಮನೆಯ ಯಾರು ಅನ್ನುವುದನ್ನು ಕಿವಿಯೇ ಹೇಳಬೇಕು. ಮಂಡಿ ಸಾಹುಕಾರರು ‘ಹಲೋ’ ಅಂದದ್ದು ನನಗೆ ನೆನಪಿಲ್ಲ; ಒಂದು ಕೆಮ್ಮು, ಆಮೇಲೆ ನಂಬರು. ಡಾಕ್ಟರ ಹೆಂಡತಿ ಉಸಿರು ಒಳಗೆಳೆದುಕೊಂಡೇ ಮಾತು ಶುರು ಮಾಡುವವರು. ವಕೀಲರ ಮನೆಯ ಅಣ್ಣತಮ್ಮಂದಿರದು ಒಂದೇ ಅಚ್ಚಿನ ಗಂಟಲು, ಅವರ ತಾಯಿಗೇ ಗೊಂದಲ ಆಗುತ್ತಿತ್ತಂತೆ. ನನಗೆ ಆಗುತ್ತಿರಲಿಲ್ಲ. ಅಣ್ಣ ‘ಶಿವಮೊಗ್ಗ ಕೊಡಿ’ ಅನ್ನುತ್ತಿದ್ದ, ತಮ್ಮ ‘ಶಿಮೊಗ್ಗ ಕೊಡಿ’ ಅನ್ನುತ್ತಿದ್ದ. ಇದನ್ನು ದನಿಯ ಗುರುತು ಅನ್ನಬೇಕೋ ಮಾತಿನ ಗುರುತು ಅನ್ನಬೇಕೋ ಆಗ ಯೋಚಿಸಿರಲಿಲ್ಲ. ಜನ ನನ್ನನ್ನು ‘ಎಕ್ಸ್‌ಚೇಂಜ್ ಅಕ್ಕ’ ಅನ್ನುತ್ತಿದ್ದರು, ಅವರು ಹೆಸರು ಹೇಳುವ ಮೊದಲೇ ‘ಹೇಳಿ ರಾಯರೆ’ ಅಂದಾಗ ಬೆರಗಾಗುತ್ತಿದ್ದರು. ನಾನು ಉಬ್ಬುತ್ತಿದ್ದೆ.

ತರಬೇತಿಯಲ್ಲಿ ಒಬ್ಬ ಎಂಜಿನಿಯರು ಹೇಳಿದ ಮಾತು ಇನ್ನೂ ತಲೆಯಲ್ಲಿದೆ. ಫೋನಿನ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತದೆ. ಗಂಡಸಿನ ಮಾತಿನ ಮೂಲ ಶ್ರುತಿ ಇರುವುದು ಸಾಮಾನ್ಯವಾಗಿ 100ರಿಂದ 150ರ ಆಸುಪಾಸಿನಲ್ಲಿ. ಅಂದರೆ ಸಾಹುಕಾರರ ದಪ್ಪ ದನಿಯ ಆ ದಪ್ಪ ಏನಿದೆ, ಅದು ತಂತಿಯೊಳಗೆ ಬರುವುದೇ ಇಲ್ಲ. ಮೇಲಿನ ಪದರಗಳಷ್ಟೇ ಬರುತ್ತವೆ. ತಳವನ್ನು ಕೇಳುವವರ ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ‘ಅರ್ಧ ದನಿ ಇಲಾಖೆ ಕೊಡ್ತದೆ, ಉಳಿದರ್ಧ ನಿಮ್ಮ ತಲೆಯೇ ಹಾಕಿಕೊಳ್ತದೆ’ ಅಂದಿದ್ದರು. ಕ್ಲಾಸೆಲ್ಲ ನಕ್ಕಿತ್ತು. ಐವತ್ತು ವರ್ಷ ಕಳೆದ ಮೇಲೆ, ಒದ್ದೆ ಕೈಯಲ್ಲಿ ಫೋನ್ ಹಿಡಿದು ಕೂತ ಆ ಮಧ್ಯಾಹ್ನ, ಉಳಿದರ್ಧವನ್ನು ಹಾಕಿಕೊಂಡವಳು ನಾನೇ.

ಶಿವಮೊಗ್ಗ ಟ್ರಂಕ್ ಬೋರ್ಡಿನಲ್ಲಿ ಒಬ್ಬಳಿದ್ದಳು. ಒಂಬತ್ತು ವರ್ಷ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮಾತಾಡಿದ್ದೇವೆ. ಲೈನು ಖಾಲಿ ಇದ್ದಾಗ ಅತ್ತೆಯ ಕಾಟ, ಮಗುವಿನ ಹಲ್ಲು, ಸೀರೆಯ ಕಂತು, ಎಲ್ಲ. ಮುಖ ನೋಡಿರಲಿಲ್ಲ. ಭದ್ರಾವತಿಯಲ್ಲಿ ಒಂದು ಮದುವೆಯ ಊಟ. ಎಲೆಯ ಮುಂದೆ ಕೂತಿದ್ದೇನೆ, ಬೆನ್ನ ಹಿಂದಿನ ಸಾಲಿನಿಂದ ‘ಅನ್ನ ಸಾಕು, ಸ್ವಲ್ಪ ಸಾರು ಬಿಡಿ’ ಅಂತ ಕೇಳಿತು. ಎಡಗೈಯಲ್ಲಿ ಸೆರಗು ಹಿಡಿದು ತಿರುಗಿ ‘ಏನೇ, ಶಿವಮೊಗ್ಗ ಟ್ರಂಕು!’ ಅಂದೆ. ಅವಳೂ ತಕ್ಷಣ ತಿರುಗಿದಳು. ನಾನು ಕಲ್ಪಿಸಿಕೊಂಡಿದ್ದ ಎತ್ತರದ, ತೆಳ್ಳಗಿನ ಹೆಂಗಸು ಅವಳಾಗಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಆ ಕಲ್ಪನೆಯ ಮುಖ ಅಳಿಸಿಹೋಯಿತು, ದನಿ ಈ ಮುಖಕ್ಕೆ ಬಂದು ಕೂತಿತು. ಸಾರು ಕೇಳುವ ದನಿ ಗುರುತು ಹಿಡಿಯುವುದಕ್ಕೆ ಎಷ್ಟು ಸಲೀಸು!

ಇನ್ನು ಸೋತ ಕಥೆ. ಮಂಡಿಯೊಂದರ ಗುಮಾಸ್ತರು ದಿನಾ ಬೆಳಿಗ್ಗೆ ಹತ್ತೂವರೆಗೆ ಶಿವಮೊಗ್ಗದ ಅಡಿಕೆ ರೇಟು ಕೇಳಲು ಕಾಲ್ ಬುಕ್ ಮಾಡುತ್ತಿದ್ದರು. ಅವರಿಗೆ ಉಗ್ಗು. ‘ರಾಶಿ’ ಅನ್ನುವುದಕ್ಕೆ ಮೂರು ಸಲ ಶುರು ಮಾಡಬೇಕು, ‘ಬೆಟ್ಟೆ’ಗೆ ನಾಲ್ಕು. ಕೆಲವು ಆಪರೇಟರುಗಳು ಅವರ ನಂಬರನ್ನು ತಾವೇ ಹೇಳಿ ಮುಗಿಸಿಬಿಡುತ್ತಿದ್ದರು. ನಾನು ಕಾಯುತ್ತಿದ್ದೆ. ಆ ದನಿ ನನಗೆ ನನ್ನ ತಮ್ಮನ ದನಿಯಷ್ಟು ಪರಿಚಯ. ಒಂದು ರಾಮನವಮಿ, ದೇವಸ್ಥಾನದಲ್ಲಿ ಭಜನೆ, ಜನ ತುಂಬಿ ನಾನು ಕಂಬದ ಹಿಂದೆ ನಿಂತಿದ್ದೆ. ಒಬ್ಬರು ಹಾಡುತ್ತಿದ್ದರು. ಮೇಲಿನ ಷಡ್ಜದಲ್ಲಿ ನಿಂತು ಎಳೆದರೆ ಗರ್ಭಗುಡಿಯ ದೀಪ ಅಲುಗಬೇಕು, ಹಾಗೆ. ಯಾರೋ ಹೊರಗಿನಿಂದ ಕರೆಸಿದ್ದಾರೆ ಅಂದುಕೊಂಡೆ. ಹಾಡು ಮುಗಿಯಿತು, ಮಂಗಳಾರತಿಗೆ ಮುಂಚೆ ಅದೇ ಗಂಟಲು ಪಕ್ಕದವರಿಗೆ ‘ನೀ... ನೀ... ನೀರು’ ಅಂದಿತು.

ಗುಮಾಸ್ತರು! ಕಾಲು ಗಂಟೆ ಅವರ ಹಾಡು ಕೇಳಿದ ನನಗೆ ಗೊತ್ತಾಗಲಿಲ್ಲ. ಒಂದು ಪದಕ್ಕೆ ಗೊತ್ತಾಯಿತು. ಉಗ್ಗುವವರು ಹಾಡುವಾಗ ಉಗ್ಗುವುದು ಕಡಿಮೆ ಅನ್ನುವುದು ವೈದ್ಯರಿಗೆಲ್ಲ ತಿಳಿದ ವಿಷಯವಂತೆ. ನನಗೆ ಆಶ್ಚರ್ಯವಾದದ್ದು ಅದಲ್ಲ. ಹಾಡುವಾಗ ಮನುಷ್ಯ ತನ್ನ ಗುರುತುಗಳನ್ನೆಲ್ಲ ಕಳಚಿಟ್ಟು ಹೋಗುತ್ತಾನಲ್ಲ, ಅದು. ಕೆಮ್ಮಿಲ್ಲ, ‘ಶಿಮೊಗ್ಗ’ ಇಲ್ಲ, ಉಸಿರು ಕೂಡ ತಾಳ ಹೇಳಿದ ಕಡೆ ತೆಗೆದುಕೊಳ್ಳಬೇಕು. ನಾವು ಗುರುತು ಹಿಡಿಯುವುದು ಇಂಥ ಪುಡಿ ಸಾಮಾನುಗಳಿಂದಲೇ.

ಕನ್ನಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಜ್‌ಕುಮಾರ್ ಮಾತಾಡುವಾಗ ರಾಜ್‌ಕುಮಾರ್, ಹಾಡುವಾಗ ಪಿ.ಬಿ. ಶ್ರೀನಿವಾಸ್. ಒಬ್ಬರು ಶರೀರ, ಇನ್ನೊಬ್ಬರು ಶಾರೀರ ಅಂತ ನಾಡೆಲ್ಲ ಹೇಳುತ್ತಿತ್ತು. ಮಾತು ಮುಗಿದು ಹಾಡು ಶುರುವಾಗುವ ಜಾಗದಲ್ಲಿ ಹೊಲಿಗೆ ಇತ್ತು, ನಮ್ಮ ಕಿವಿ ಅದನ್ನು ಕೇಳಿಸಿಕೊಳ್ಳದಿರಲು ಕಲಿತುಬಿಟ್ಟಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು, ಜಿ.ಕೆ. ವೆಂಕಟೇಶ್ ಸಂಗೀತ, ಎಮ್ಮೆ ಮೇಲೆ ಕೂತು ರಾಜ್‌ಕುಮಾರ್ ತಾವೇ ಹಾಡಿದರು. ನಮ್ಮ ತಂದೆಯನ್ನು ಕರೆದುಕೊಂಡು ಟೆಂಟಿಗೆ ಹೋಗಿದ್ದೆ. ಹೊರಗೆ ಬಂದ ಮೇಲೆ ಅವರು ಬೇಸರದಿಂದ ‘ಎಲ್ಲ ಸರಿ, ಹಾಡು ಮಾತ್ರ ರಾಜ್‌ಕುಮಾರ್ ದನಿಯಲ್ಲ’ ಅಂದರು! ಆ ಒಂದು ಹಾಡೇ ಅವರ ದನಿ ಅಪ್ಪಾ ಅಂದರೆ ನಂಬಲಿಲ್ಲ. ಮುಂದೆ ‘ಜೀವನ ಚೈತ್ರ’ದ ಹಾಡಿಗೆ ಆ ಕಂಠಕ್ಕೆ ರಾಷ್ಟ್ರಪ್ರಶಸ್ತಿಯೇ ಬಂತು, ಅಷ್ಟು ಹೊತ್ತಿಗೆ ತಂದೆ ಇರಲಿಲ್ಲ. ಕಿವಿ ನಿಜವನ್ನಲ್ಲ, ರೂಢಿಯನ್ನು ನಂಬುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಗಂಗೂಬಾಯಿ ಹಾನಗಲ್ ಅವರನ್ನು ಮೊದಲ ಸಲ ಧಾರವಾಡ ಆಕಾಶವಾಣಿಯಲ್ಲಿ ಕೇಳಿದಾಗ ನಡುವಿನಿಂದ ಹಚ್ಚಿದ್ದೆ, ಯಾರೋ ಗಂಡಸು ಅಂದುಕೊಂಡೇ ಪೂರ್ತಿ ಕೇಳಿದೆ. ಕೊನೆಗೆ ಹೆಸರು ಹೇಳಿದಾಗ ನಾಚಿಕೆಯಾಯಿತು. ಅವರದೇ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹುಡುಗಿಯ ಕಂಠ; ಗಂಟಲಿನ ತೊಂದರೆ, ಅದಕ್ಕೆ ಆದ ಚಿಕಿತ್ಸೆ ಇವುಗಳ ನಂತರ ದನಿ ಇಳಿದು ಅಗಲವಾಯಿತು. ಎರಡನ್ನೂ ಅಕ್ಕಪಕ್ಕ ಕೇಳಿಸಿದರೆ ಒಬ್ಬರೇ ಅಂತ ಹೇಳುವವರು ಕಡಿಮೆ. ಹಾಗಂತ ಹಾಡಿನಿಂದ ಗುರುತೇ ಸಿಗುವುದಿಲ್ಲ ಅಂತಲ್ಲ. ನಮ್ಮ ಕಡೆ ರಾತ್ರಿ ಗದ್ದೆಯಾಚೆ ಯಕ್ಷಗಾನದ ಆಟ ನಡೆಯುತ್ತಿದ್ದರೆ ಅಂಗಳದಲ್ಲಿ ಮಲಗಿದ್ದವರು ‘ಇದು ಕಾಳಿಂಗ ನಾವಡರು’ ಅಂತ ಹೇಳುತ್ತಿದ್ದರು, ಪದ ಒಂದೂ ಕೇಳದಷ್ಟು ದೂರದಿಂದ. 1990ರಲ್ಲಿ ಅವರು ಅಪಘಾತದಲ್ಲಿ ಹೋದ ಮೇಲೂ ಕ್ಯಾಸೆಟ್ಟಿನಲ್ಲಿ ಆ ಗುರುತು ಮಾಸಿಲ್ಲ. ಆದರೆ ಅದು ಭಾಗವತರ ಗುರುತು. ಅದೇ ನಾವಡರು ಫೋನ್ ಮಾಡಿ ನಂಬರ್ ಕೇಳಿದ್ದರೆ ನನಗೆ ತಿಳಿಯುತ್ತಿತ್ತೆ? ಇಲ್ಲ.

ಹಾಡಿನಷ್ಟೇ ಗುರುತು ಕೆಡಿಸುವುದು ಅಳು. ಇದು ನನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು, ಗೊತ್ತಿರಲೇಬೇಕಿತ್ತು. ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ಪಿ.ಪಿ. ಕಾಲುಗಳು, ಅಂದರೆ ಇಂಥವರನ್ನೇ ಕರೆಯಿರಿ ಅನ್ನುವ ಕಾಲುಗಳು, ಹೆಚ್ಚಾಗಿ ಸಾವಿನ ಸುದ್ದಿಯವೇ. ಸತ್ತರು ಅಂತ ಯಾರೂ ಹೇಳುವುದಿಲ್ಲ. ‘ಸೀರಿಯಸ್, ಹೊರಟು ಬನ್ನಿ’ ಅನ್ನುತ್ತಾರೆ. ಆ ಕಡೆಯವರಿಗೆ ಅರ್ಥವಾಗಿಬಿಡುತ್ತದೆ. ಆಮೇಲೆ ಬರುವ ದನಿ ಯಾರದೂ ಅಲ್ಲ. ಹತ್ತು ವರ್ಷದಿಂದ ಬಲ್ಲ ಡಾಕ್ಟರ ಹೆಂಡತಿ ತಾಯಿಯ ಸುದ್ದಿ ಕೇಳಿ ಅತ್ತಾಗ, ಆ ಮನೆಯ ಕೆಲಸದವಳು ಫೋನ್ ಹಿಡಿದಿದ್ದಾಳೆ ಅಂದುಕೊಂಡು ‘ಅಮ್ಮಾವ್ರನ್ನ ಕರಿ’ ಅಂದಿದ್ದೆ. ಇವತ್ತಿಗೂ ಅದು ನೆನಪಾದರೆ ಮೈ ಹಿಡಿಯಾಗುತ್ತದೆ. ಅಳುವಾಗ ಎಲ್ಲರ ದನಿಯೂ ಒಂದೇ ಅಂತ ಆವತ್ತು ನಾನೇ ಜತೆಯವರಿಗೆ ಹೇಳಿದ್ದೆ.

ಮೋಸ ಮಾಡುವವರಿಗೆ ಇದು ಗೊತ್ತು. ಅದಕ್ಕೇ ಅವರು ಅತ್ತುಕೊಂಡೇ ಶುರು ಮಾಡುತ್ತಾರೆ.

ನನ್ನ ಅಣ್ಣನ ಮಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಅವಳ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವಳು ಹೇಳಿದ ಎರಡು ವಿಷಯ ಓದುಗರಿಗೂ ಬೇಕಾದದ್ದು. ಅಮೆರಿಕದ ವಿಮಾನ ಸಾಹಸಿ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣದ ಕೇಸಿನಲ್ಲಿ, ಎರಡೂವರೆ ವರ್ಷಕ್ಕೂ ಹಿಂದೆ ಒಂದು ರಾತ್ರಿ ಸ್ಮಶಾನದ ಹೊರಗೆ ಕಾರಿನಲ್ಲಿ ಕೂತು ಕೇಳಿದ ಒಂದೆರಡು ಪದದ ಕೂಗನ್ನು ಲಿಂಡ್‌ಬರ್ಗ್ 1935ರಲ್ಲಿ ಕೋರ್ಟಿನಲ್ಲಿ ಗುರುತಿಸಿ ‘ಇವನದೇ’ ಅಂದರು. ಆಪಾದಿತನಿಗೆ ಮರಣದಂಡನೆಯಾಯಿತು. ಅದು ನಿಜಕ್ಕೂ ಸಾಧ್ಯವೇ ಅಂತ ಫ್ರಾನ್ಸಿಸ್ ಮೆಗೀ ಎಂಬ ಸಂಶೋಧಕಿ ಪರೀಕ್ಷೆ ಮಾಡಿ 1937ರಲ್ಲಿ ಪ್ರಕಟಿಸಿದರು. ಒಮ್ಮೆ ಕೇಳಿದ ಅಪರಿಚಿತ ದನಿಯನ್ನು ಎರಡು ದಿನ ಬಿಟ್ಟು ಗುರುತಿಸಿದವರು ನೂರಕ್ಕೆ 83. ಐದು ತಿಂಗಳಾದ ಮೇಲೆ ನೂರಕ್ಕೆ 13. ಇನ್ನೊಂದು, 2009ರಲ್ಲಿ ಲಂಡನ್ನಿನ ಸಂಶೋಧಕರು ವರದಿ ಮಾಡಿದ ಅರವತ್ತರ ಹೆಂಗಸು. ಕಿವಿ ನೆಟ್ಟಗಿದೆ, ಮಿದುಳಿಗೆ ಪೆಟ್ಟಾಗಿಲ್ಲ, ಆದರೆ ಹುಟ್ಟಿದಾಗಿನಿಂದ ಯಾರ ದನಿಯೂ ಗುರುತು ಸಿಗುವುದಿಲ್ಲ. ಫೋನಿನಲ್ಲಿ ಸ್ವಂತ ಮಗಳು ಮಾತಾಡಿದರೂ ಕಷ್ಟ.

‘ನಿನಗೆ ಅಂಥ ಕಾಯಿಲೆ ಏನಿಲ್ಲ ಅತ್ತೆ’ ಅಂದಳು. ‘ಆದರೆ ಒಂದು ಕೇಳ್ತೀನಿ. ಅವನ ಹತ್ತಿರ ಈ ವರ್ಷ ಎಷ್ಟು ಸಲ ಫೋನಲ್ಲಿ ಮಾತಾಡಿದೀಯ?’

ಲೆಕ್ಕ ಹಾಕಿದೆ. ಯುಗಾದಿಗೊಂದು, ಚೌತಿಗೊಂದು, ನನ್ನ ಮಂಡಿ ನೋವಿನ ಆಪರೇಷನ್ ಆದಾಗ ಒಂದು. ಉಳಿದದ್ದೆಲ್ಲ ಮೆಸೇಜು. ಹಬ್ಬಕ್ಕೆ ಹೂವಿನ ಚಿತ್ರ ಕಳಿಸುತ್ತಾನೆ, ನಾನು ಕೈಮುಗಿಯುವ ಚಿತ್ರ ಕಳಿಸುತ್ತೇನೆ. ಅವನ ದನಿ ಒಡೆದದ್ದು ಹದಿನಾಲ್ಕರಲ್ಲೋ ಹದಿನೈದರಲ್ಲೋ. ಆಗಲೇ ಅವನು ಹಾಸ್ಟೆಲಿನಲ್ಲಿದ್ದ. ನನ್ನ ಕಿವಿಯಲ್ಲಿ ಇರುವುದು ಅಂಗಳದಲ್ಲಿ ಸೈಕಲ್ ಬಿಡುತ್ತಾ ‘ಅಜ್ಜಿ ನೋಡಿಲ್ಲಿ’ ಅನ್ನುತ್ತಿದ್ದ ಹುಡುಗ. ಈಗಿನ ಇಪ್ಪತ್ತರ ಗಂಡಸಿನ ದನಿಯ ಪರಿಚಯವೇ ನನಗಿರಲಿಲ್ಲ. ಮೂರು ಕಾಲ್ ಮಾಡಿದ ಚಂದಾದಾರನ ಗುರುತು ಎಕ್ಸ್‌ಚೇಂಜಿನಲ್ಲಿ ನನಗೆ ಎಂದಾದರೂ ಹತ್ತಿತ್ತೆ?

ಅಂದು ಅತ್ತದ್ದು ಯಂತ್ರವೋ, ನಟನೆ ಬಲ್ಲ ಯಾವನೋ ಹುಡುಗನೋ ನನಗೆ ತಿಳಿಯದು. ಮೂರು ಸೆಕೆಂಡಿನ ಮಾದರಿ ಸಿಕ್ಕರೆ ಒಬ್ಬರ ದನಿಯನ್ನು ಅನುಕರಿಸಬಹುದು ಅಂತ ಮೈಕ್ರೋಸಾಫ್ಟಿನ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ರೀಲ್ಸಿನಲ್ಲಿ ನಮ್ಮ ಹುಡುಗರು ಅದಕ್ಕಿಂತ ಹೆಚ್ಚನ್ನು ಬಿಟ್ಟಿ ಹಂಚುತ್ತಿದ್ದಾರೆ. ಎಲ್ಲರೂ ಯಂತ್ರವನ್ನು ಬೈಯುತ್ತಾರೆ, ಬೈಯಲಿ. ನನ್ನ ಹೆದರಿಕೆ ಬೇರೆ. ಯಂತ್ರ ಮಾತು ಕಲಿತ ಇದೇ ಹೊತ್ತಿನಲ್ಲಿ ನಮ್ಮ ಕಿವಿ ಅಭ್ಯಾಸ ತಪ್ಪಿಸಿಕೊಂಡಿದೆ. ಫೋನಿನ ಮುಖದ ಮೇಲೆ ಹೆಸರು ಮೂಡಿದ ಮೇಲೆ ‘ಯಾರು ಮಾತಾಡೋದು’ ಅಂತ ಕೇಳುವ ಅಗತ್ಯವೇ ಹೋಯಿತು. ಹೆಸರು ಓದುತ್ತೇವೆ, ದನಿ ಕೇಳುವುದಿಲ್ಲ. ಅದೂ ಕಾಲ್ ಬಂದರೆ ತಾನೆ? ಕಾಲ್ ಅಂದರೆ ಈಗ ಏನೋ ಆಗಿದೆ ಅಂತಲೇ ಅರ್ಥ, ಹಳೆಯ ಲೈಟ್ನಿಂಗ್ ಹಾಗೆ.

ದಿನಾ ಕೇಳಿದ ದನಿ ಹಾಗಲ್ಲ. ಮೆಟ್ರೊದಲ್ಲಿ ಕೂತರೆ ನಿಲ್ದಾಣಗಳ ಹೆಸರು ಹೇಳುವ ಅಪರ್ಣಾ ಅವರ ದನಿಯನ್ನು ಬೆಂಗಳೂರಿನವರೆಲ್ಲ ಗುರುತಿಸುತ್ತಿದ್ದರು. 2024ರ ಜುಲೈನಲ್ಲಿ ಅವರು ತೀರಿಕೊಂಡ ಮಾರನೆಯ ದಿನವೂ ಅದೇ ಸಮಾಧಾನದಲ್ಲಿ ಮುಂದಿನ ನಿಲ್ದಾಣ ಹೇಳಿತು ಆ ದನಿ. ಆಗ ಅಲ್ಲಿದ್ದ ನನ್ನ ಸೊಸೆ ಬಾಗಿಲ ಹತ್ತಿರ ನಿಂತು ಅತ್ತಳಂತೆ. ಎದುರಿಗೆ ಒಮ್ಮೆಯೂ ಕಾಣದವರ ದನಿ ಅವಳಿಗೆ ಅಷ್ಟು ಪರಿಚಯ, ಯಾಕೆಂದರೆ ದಿನಾ ಎರಡು ಹೊತ್ತು ಕೇಳುತ್ತಿದ್ದಳು. ಸ್ವಂತ ಅಮ್ಮನ ದನಿಯನ್ನು ವಾರಕ್ಕೆಷ್ಟು ಸಲ ಕೇಳುತ್ತೀಯ ಅಂತ ನಾನು ಕೇಳಲಿಲ್ಲ. ಅತ್ತೆ ಅಂಥದನ್ನೆಲ್ಲ ಕೇಳಬಾರದು.

ಹಾಗಾಗಿ ನಾನು ಹೇಳುವುದು ಎರಡು, ಒಂದಕ್ಕೊಂದು ಎದುರು ಅನ್ನಿಸಿದರೂ ಪರವಾಗಿಲ್ಲ. ದನಿಯನ್ನು ಸಾಕ್ಷಿ ಅಂತ ನಂಬಬೇಡಿ. ದುಡ್ಡು, ಪೊಲೀಸು, ಆಸ್ಪತ್ರೆ ಅಂದರೆ ಯಾರ ದನಿಯೇ ಇರಲಿ, ಎಷ್ಟೇ ಅಳಲಿ, ಫೋನಿಟ್ಟು ನಿಮ್ಮ ಹತ್ತಿರವಿರುವ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ. ‘ನನ್ನ ಕಿವಿ ತಪ್ಪುವುದಿಲ್ಲ’ ಅನ್ನುವವರು ಮನೆಯಲ್ಲಿದ್ದರೆ ಅವರ ಕೈಗೆ ಪಾಸ್‌ಬುಕ್ ಕೊಡಬೇಡಿ, ನಮ್ಮನೆಯಲ್ಲಿ ಈಗ ಅದೇ ಕಾನೂನು.

ಎರಡನೆಯದು, ಸುಮ್ಮನೆ ಫೋನ್ ಮಾಡಿ. ವಿಷಯ ಇಲ್ಲದೆ ಮಾಡಿ. ಹಬ್ಬದ ಶುಭಾಶಯವೂ ಬೇಡ, ಅದೂ ಒಂದು ತರ ಹಾಡೇ. ಎಲ್ಲರದೂ ಒಂದೇ ರಾಗ. ಮಳೆ ಬಂತೇ, ಕೊಳೆ ಔಷಧಿ ಹೊಡೆಸಿದಿರಾ, ಮೆಸ್ಸಿನ ಉಪ್ಪಿಟ್ಟಿಗೆ ಉಪ್ಪಿತ್ತೇ, ಇಂಥ ಮಾತಿನಲ್ಲೇ ಮನುಷ್ಯ ತನ್ನ ಕೆಮ್ಮು, ತನ್ನ ‘ಶಿಮೊಗ್ಗ’, ತನ್ನ ಉಸಿರು ಬಿಟ್ಟುಕೊಡುವುದು. ಅಜ್ಜಅಜ್ಜಿಯರಿಗೆ ಮಾಡಿ, ದೊಡ್ಡಪ್ಪನಿಗೆ ಮಾಡಿ, ನಿಮ್ಮ ಹಳೆಯ ರೂಂಮೇಟಿಗೆ ಮಾಡಿ. ಎತ್ತದಿದ್ದರೆ ಬೈದುಕೊಳ್ಳದೆ ಮತ್ತೆ ಮಾಡಿ.

ನಮ್ಮ ಹುಡುಗನಿಗೂ ಇದನ್ನೇ ಹೇಳಿದೆ. ಈಗ ಭಾನುವಾರ ರಾತ್ರಿ ಎಂಟಕ್ಕೆ ಮಾಡುತ್ತಾನೆ. ಮೊದಲೆರಡು ವಾರ ‘ಮತ್ತೆ, ಮತ್ತೆ’ ಅಂತ ಇಬ್ಬರೂ ತಡವರಿಸಿದೆವು. ಅವನು ಮಾತಿನ ನಡುವೆ ನಾಲಿಗೆಯಲ್ಲಿ ‘ಚ್’ ಅನ್ನುತ್ತಾನೆ ಅಂತ ಮೂರನೇ ವಾರ ಗಮನಿಸಿದೆ. ಅದು ನಮ್ಮ ತಂದೆಗೆ ಇದ್ದ ಅಭ್ಯಾಸ, ಇವನು ಅವರನ್ನು ನೋಡಿಯೇ ಇಲ್ಲ. ಹೋದ ಭಾನುವಾರ ಇಪ್ಪತ್ತೆರಡು ನಿಮಿಷ ಮಾತಾಡಿದ. ವಿಷಯ ಏನೂ ಇರಲಿಲ್ಲ.